ಹುಲಿಗೆ ಹುಲ್ಲು ತಿನ್ನಿಸುವ ಸಜ್ಜನರು

ನಾವು ಮೇಷ್ಟರಾಗಿದ್ದ ಕಾಲದ ಒಂದು ಸಂಗತಿಯನ್ನು ಓದುಗರ ಮುಂದಿಟ್ಟು ಈ ಲೇಖನವನ್ನು ಆರಂಭಿಸುತ್ತೇವೆ. ಅದು ನಮಗೆ ಗೌರವ ತರುವ ಸಂಗತಿಯಲ್ಲ. ಆದರೂ ಹೇಳಲೇಬೇಕು. ಪರರ ತಪ್ಪನ್ನು ಎತ್ತಿ ಆಡುವ ಮೊದಲು ತನ್ನ ತಪ್ಪನ್ನು ಒಪ್ಪಿಕೊಳ್ಳುವುದು ಸಮಾಜವಾದಿಯಾದವನ ಕರ್ತವ್ಯ.

ಶಾಲೆಯ ವಾರ್ಷಿಕೋತ್ಸವಕ್ಕೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಮಕ್ಕಳಿಂದ ಆಡಿಸಬೇಕೆಂದು ಹೊರಟಿದ್ದೆವು. ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಊರಿಗೆ ಇಲಿಗಳ ಕಾಟ. ಜೋಗಿ ಬರುತ್ತಾನೆ, ಕಿಂದರಿ ಬಾರಿಸುತ್ತಾನೆ, ಇಲಿಗಳನ್ನು ಹೊಳೆಗೆ ಇಳಿಸುತ್ತಾನೆ. ಆಡಿದ ಹಣ ಕೊಡು ಎಂದರೆ ಊರ ಗೌಡ ಕೊಡುವುದಿಲ್ಲ. ಆಗ ಜೋಗಿ ಮತ್ತೆ ಕಿಂದರಿ ಬಾರಿಸಿ ಊರ ಮಕ್ಕಳನ್ನೆಲ್ಲ ಕರೆದುಕೊಂಡು ಬೆಟ್ಟದೊಳಗೆ ಮಾಯವಾಗುತ್ತಾನೆ. ಇಂಗ್ಲೆಂಡಿನ ಕವಿ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಹ್ಯಾಮೆಲಿನ್ ಪಟ್ಟಣದ ಕಥೆಯನ್ನು ಕುವೆಂಪು ತುಂಗೆಯ ದಡಕ್ಕೆ ತಂದರು. ಅಲ್ಲಿಯ ಮೇಯರು ಇಲ್ಲಿ ಗೌಡನಾದ. ಇಲ್ಲಿ ಗೌಡನೆಂದರೆ ಜಾತಿಯಲ್ಲ, ಊರಿನ ಯಜಮಾನಿಕೆ.

ತಾಲೀಮು ಮುಗಿಯುತ್ತ ಬಂದಾಗ ಶಾಲೆಯ ಸಮಿತಿಯ ಹಿರಿಯರೊಬ್ಬರು ಬಂದು ಕುಳಿತು ನೋಡಿದರು. ನೋಡಿದ ಮೇಲೆ ನಮ್ಮನ್ನು ಪಕ್ಕಕ್ಕೆ ಕರೆದರು.

"ಮೇಷ್ಟ್ರೇ, ಎಲ್ಲಾ ಚೆನ್ನಾಗಿದೆ. ಆ ಗೌಡನ ಪಾತ್ರ ಮಾತ್ರ ಒಂದಿಷ್ಟು ಬಿರುಸಾಯ್ತು. ಮಕ್ಕಳ ಮನಸ್ಸು ಎಳೇದು ನೋಡಿ. ಕೊನೇಲಿ ಗೌಡನ ಮನಸ್ಸು ಕರಗಿ ದುಡ್ಡು ಕೊಟ್ಟ ಅಂತ ಮಾಡಿಬಿಡಿ. ಎಲ್ಲರೂ ಸಂತೋಷವಾಗಿ ಮನೆಗೆ ಹೋಗ್ಲಿ."

ಅವರು ಗದರಿಸಲಿಲ್ಲ. ಬಹಳ ಮೃದುವಾಗಿಯೇ ಹೇಳಿದರು. ಚಪ್ಪರದ ಖರ್ಚು, ಮೈಕಿನ ಬಾಡಿಗೆ, ಮಕ್ಕಳಿಗೆ ಹಂಚುವ ಸಿಹಿ ಎಲ್ಲವೂ ಅವರದೇ. ನಾವು ಒಪ್ಪಿದೆವು. ಆ ರಾತ್ರಿ ನಮ್ಮ ಗೌಡ ಎದೆಯ ಮೇಲೆ ಕೈಯಿಟ್ಟುಕೊಂಡು ಅತ್ತ, ಹಣದ ಚೀಲವನ್ನು ಜೋಗಿಯ ಕೈಗಿತ್ತ. ಚಪ್ಪಾಳೆ ಬಿತ್ತು. ಆದರೆ ಮಕ್ಕಳೆಲ್ಲ ಕುಣಿಯುತ್ತ ಬೆಟ್ಟ ಸೇರುವ ದೃಶ್ಯಕ್ಕಾಗಿ ಒಂದು ತಿಂಗಳು ಹೆಜ್ಜೆ ಕಲಿತಿದ್ದರು, ಬಟ್ಟೆ ಹೊಲಿಸಿದ್ದರು. ಅದನ್ನು ಬಿಡುವುದು ಹೇಗೆ? ಅದನ್ನೂ ಆಡಿಸಿದೆವು.

ಮರುದಿನ ಐದನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು ಕೇಳಿದಳು: "ಸಾರ್, ಗೌಡ್ರು ದುಡ್ಡು ಕೊಟ್ಟ ಮೇಲೂ ಜೋಗಿ ಮಕ್ಕಳನ್ನ ಯಾಕೆ ಕರ್ಕೊಂಡು ಹೋದ?"

ನಮ್ಮಲ್ಲಿ ಉತ್ತರವಿರಲಿಲ್ಲ. ಆ ಹುಡುಗಿಯ ತಾಯಿ ಅಡಿಕೆ ಸುಲಿದ ಕೂಲಿಗಾಗಿ ಅದೇ ಹಿರಿಯರ ಅಂಗಳಕ್ಕೆ ಮೂರು ಸಲ ನಡೆದು ಬರಿಗೈಯಲ್ಲಿ ಬಂದಿದ್ದಳೆಂಬುದು ನಮಗೆ ಗೊತ್ತಿತ್ತು. ಹುಡುಗಿಗೂ ಗೊತ್ತಿತ್ತು. ಗೌಡನನ್ನು ಒಳ್ಳೆಯವನನ್ನಾಗಿ ಮಾಡಹೋಗಿ ನಾವು ಏನು ಮಾಡಿದ್ದೆವು? ಕೂಲಿ ಕೇಳಿದ ಜೋಗಿಯನ್ನು ಮಕ್ಕಳ ಕಳ್ಳನನ್ನಾಗಿ ಮಾಡಿದ್ದೆವು! ಕಥೆಯಿಂದ ದುಷ್ಟತನ ಹೋಗಲಿಲ್ಲ. ಕೊಡಬೇಕಾದವನ ಹೆಗಲಿನಿಂದ ಇಳಿದು ಕೇಳಬಂದವನ ಹೆಗಲ ಮೇಲೆ ಕುಳಿತಿತು.

ನಾವು ಹೇಳಬೇಕಾದ ಮಾತು ಇದೊಂದೇ. ಮಕ್ಕಳ ಕಥೆಯಲ್ಲಿ ದುಷ್ಟನನ್ನು ಮೆತ್ತಗೆ ಮಾಡಿದರೆ ದುಷ್ಟತನ ಕಡಮೆಯಾಗುವುದಿಲ್ಲ, ಅದು ಬಡವನ ಮನೆ ಹುಡುಕಿಕೊಂಡು ಹೋಗುತ್ತದೆ.

ಜಗತ್ತಿನ ಹೊಸ ದಯೆ

ಇದು ನಮ್ಮ ಒಂದು ಊರಿನ ಕಥೆಯೆಂದು ಓದುಗರು ಭಾವಿಸಬಾರದು. ಇಂದು ಜಗತ್ತಿನಾದ್ಯಂತ ಮಕ್ಕಳ ಕಥೆಯ ದುಷ್ಟರ ಮೇಲೆ ದೊಡ್ಡವರಿಗೆ ಎಲ್ಲಿಲ್ಲದ ದಯೆ ಹುಟ್ಟಿದೆ. ಅಮೆರಿಕದ ಡಿಸ್ನಿ ಕಂಪನಿ 1959ರಲ್ಲಿ ನಿದ್ರಾಸುಂದರಿಯ ಕಥೆಯನ್ನು ಚಿತ್ರ ಮಾಡಿದಾಗ ಹಸುಗೂಸಿಗೆ ಸಾವಿನ ಶಾಪ ಕೊಟ್ಟ ಮಾಟಗಾತಿಯನ್ನು ಮಾಟಗಾತಿಯೆಂದೇ ತೋರಿಸಿತು. ಅದೇ ಕಂಪನಿ 2014ರಲ್ಲಿ ಅವಳನ್ನೇ ನಾಯಕಿಯಾಗಿ ಮಾಡಿ, ಅವಳಿಗೆ ಆದ ಅನ್ಯಾಯವನ್ನು ಹೇಳಿ, ಅವಳಿಗಾಗಿ ನಾವು ಕಣ್ಣೀರಿಡುವಂತೆ ಇನ್ನೊಂದು ಚಿತ್ರ ಮಾಡಿತು. ಡೋಡಿ ಸ್ಮಿತ್ ಎಂಬ ಇಂಗ್ಲಿಷ್ ಲೇಖಕಿಯ 1956ರ ಪುಸ್ತಕದಲ್ಲಿ ಕ್ರುಯೆಲಾ ಎಂಬ ಶ್ರೀಮಂತ ಹೆಂಗಸು ತನ್ನ ತುಪ್ಪಳದ ಕೋಟಿಗಾಗಿ ನಾಯಿಮರಿಗಳನ್ನು ಕದಿಸಿ ಚರ್ಮ ಸುಲಿಸಲು ಹೊರಡುತ್ತಾಳೆ. 2021ರ ಹೊತ್ತಿಗೆ ಅವಳಿಗೂ ಒಂದು ಚಿತ್ರ ಬಂತು. ಅದರಲ್ಲಿ ಅವಳು ತಾಯಿಯನ್ನು ಕಳೆದುಕೊಂಡ ದುಃಖಿತ ಬಾಲೆ. ಆ ತಾಯಿಯ ಸಾವಿಗೆ ಕಾರಣವಾದವರ ಪಟ್ಟಿಯಲ್ಲಿ ಯಾರಿದ್ದಾರೆ ಬಲ್ಲಿರಾ? ನಾಯಿಗಳು! ಒಡತಿಯೊಬ್ಬಳ ಆಜ್ಞೆಯಂತೆ ಅವು ಆ ತಾಯಿಯನ್ನು ಬಂಡೆಯಿಂದ ಕೆಳಗೆ ಕೆಡವುತ್ತವೆ. ಚರ್ಮ ಸುಲಿಸಿಕೊಳ್ಳಬೇಕಾಗಿದ್ದ ಜಾತಿಯೇ ಕೊನೆಗೆ ಕೊಲೆಗಾರ ಜಾತಿಯಾಯಿತು. ನಮ್ಮ ಜೋಗಿಗೆ ಆದದ್ದೇ ಆ ನಾಯಿಗಳಿಗೂ ಆಯಿತು.

ಇದು ಹೊಸದೂ ಅಲ್ಲ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಮೊದಲು ಅಚ್ಚು ಹಾಕಿಸಿದ ಕಥಾಸಂಗ್ರಹದಲ್ಲಿ, ಅನ್ನವಿಲ್ಲದೆ ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಎಂಬ ಮಕ್ಕಳನ್ನು ಕಾಡಿನಲ್ಲಿ ಬಿಟ್ಟುಬರೋಣವೆನ್ನುವವಳು ಹೆತ್ತ ತಾಯಿಯೇ. ಹಿಮದಂಥ ಬಿಳುಪಿನ ರಾಜಕುಮಾರಿಯನ್ನು ಕೊಲ್ಲಿಸಹೊರಟವಳೂ ಹೆತ್ತ ತಾಯಿಯೇ. ಹೆತ್ತವಳು ಹೀಗೆ ಮಾಡುವಳೇ, ಮಕ್ಕಳು ಏನೆಂದುಕೊಂಡಾರು ಎಂದು ಮುಂದಿನ ಆವೃತ್ತಿಗಳಲ್ಲಿ ಆಕೆಯನ್ನು ಮಲತಾಯಿಯನ್ನಾಗಿ ತಿದ್ದಿದರು. ತಾಯಿಯ ಮಾನ ಉಳಿಯಿತು. ಆದರೆ ಸತ್ತವಳ ಮನೆಗೆ ಬಂದು ಅವಳ ಮಕ್ಕಳಿಗೆ ಗಂಜಿ ಕಾಯಿಸುವ ಬಡ ಹೆಂಗಸರೆಲ್ಲ ಅಂದಿನಿಂದ ಲೋಕದ ಮಕ್ಕಳ ಕಣ್ಣಿಗೆ ರಾಕ್ಷಸಿಯರಾದರು. ಒಬ್ಬಳನ್ನು ಬಿಡಿಸಲು ಇನ್ನೊಬ್ಬಳನ್ನು ಕಟ್ಟಿಹಾಕಿದರು. ಕಟ್ಟಿಹಾಕಿದ್ದು ಯಾರನ್ನು? ಪರವಾಗಿ ಮಾತಾಡುವವರಿಲ್ಲದವಳನ್ನು.

ಅವರ ಮಾತಿನಲ್ಲಿರುವ ಸತ್ಯ

ಹಾಗಾದರೆ ಹಳೆಯ ಕಥೆಗಳ ಒಂದಕ್ಷರವನ್ನೂ ಮುಟ್ಟಬಾರದೆಂದು ನಾವು ಹೇಳುತ್ತೇವೆಯೇ? ಇಲ್ಲ. ಎದುರಾಳಿಯ ಮಾತಿನಲ್ಲಿ ಸತ್ಯವಿದ್ದರೆ ಅದನ್ನು ಮೊದಲು ಒಪ್ಪಿಕೊಳ್ಳಬೇಕು.

ದುಷ್ಟನನ್ನು ಗುರುತಿಸಲು ಕಥೆಗಾರರು ಬಹುಕಾಲದಿಂದ ಒಂದು ಸೋಮಾರಿ ದಾರಿ ಹಿಡಿದಿದ್ದಾರೆ. ಕರಿಯ ಮೈ, ಗೂನು ಬೆನ್ನು, ಕುಂಟು ಕಾಲು, ಸುಟ್ಟ ಮುಖ, ಬೊಜ್ಜು ಹೊಟ್ಟೆ, ಹಲ್ಲಿಲ್ಲದ ಮುದುಕಿಯ ಬಾಯಿ. ಇಷ್ಟು ಬರೆದರೆ ಸಾಕು, ದುಷ್ಟ ಸಿದ್ಧ. ಎನಿಡ್ ಬ್ಲೈಟನ್ ಎಂಬ ಇಂಗ್ಲಿಷ್ ಲೇಖಕಿ 1951ರಲ್ಲಿ ಬರೆದ ನಾಡಿ ಎಂಬ ಬೊಂಬೆಯ ಕಥೆಯಲ್ಲಿ ಕತ್ತಲೆ ಕಾಡಿನಲ್ಲಿ ಅವನ ಕಾರನ್ನು ಕದಿಯುವವರು ಗೊಲ್ಲಿವಾಗ್‌ಗಳು. ಗೊಲ್ಲಿವಾಗ್ ಎಂದರೆ ಕಪ್ಪು ಜನರನ್ನು ಅಣಕಿಸಿ ಮಾಡಿದ ಬಟ್ಟೆಬೊಂಬೆ. ಮುಂದೆ ಅವುಗಳನ್ನು ತೆಗೆದು ಕುಳ್ಳ ಪಿಶಾಚಿಗಳನ್ನು ಹಾಕಿದರು. ಒಳ್ಳೆಯದೇ ಮಾಡಿದರು. ಕಳ್ಳತನ ಹಾಗೆಯೇ ಉಳಿಯಿತು, ಕಪ್ಪು ಮಕ್ಕಳ ಮೇಲಿನ ಆರೋಪ ಹೋಯಿತು.

2020ರಲ್ಲಿ ರೋಲ್ಡ್ ಡಾಲ್ ಎಂಬ ಲೇಖಕನ ಮಾಟಗಾತಿಯರ ಕಥೆಯನ್ನು ಚಿತ್ರ ಮಾಡಿದ ವಾರ್ನರ್ ಕಂಪನಿ, ಹಿರಿಯ ಮಾಟಗಾತಿಗೆ ಬೆರಳು ಕಡಮೆಯಿರುವ ಕೈಗಳನ್ನು ಕೊಟ್ಟಿತು. ಹುಟ್ಟಿನಿಂದ ಬೆರಳಿಲ್ಲದ ಮಕ್ಕಳಿದ್ದಾರಷ್ಟೆ? ಅಂಥವರು ಪ್ರತಿಭಟಿಸಿದರು, ಕಂಪನಿ ಕ್ಷಮೆ ಕೇಳಿತು. ಅದಕ್ಕೂ ಮೊದಲು 2018ರಲ್ಲಿಯೇ ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟ್, ಮುಖದ ಕಲೆಯನ್ನು ದುಷ್ಟತನದ ಗುರುತಾಗಿ ತೋರಿಸುವ ಚಿತ್ರಗಳಿಗೆ ಹಣ ಕೊಡುವುದಿಲ್ಲವೆಂದು ಸಾರಿತು. ಇವೆಲ್ಲ ನ್ಯಾಯವಾದ ಮಾತುಗಳು. ಅವುಗಳಿಗೆ ನಮ್ಮ ಪೂರ್ಣ ಬೆಂಬಲವಿದೆ.

ನಮ್ಮಲ್ಲಿಯೇ ನೋಡಿರಿ. ಚಿತ್ರಕಥೆಯ ರಾಕ್ಷಸ ಕಪ್ಪು, ದೇವರು ಬಿಳುಪು ಅಥವಾ ತಿಳಿನೀಲಿ. ಬಿಸಿಲಿನಲ್ಲಿ ಗದ್ದೆ ನೆಟ್ಟು ಕಪ್ಪಾದ ತಂದೆಯ ಮಗು ಆ ಚಿತ್ರ ನೋಡಿ ಏನು ಕಲಿಯಬೇಕು? ಹಳ್ಳಿಯ ತುದಿಯಲ್ಲಿ ಒಂಟಿಯಾಗಿರುವ ಮುದುಕಿಯನ್ನು ಮಾಟಗಾತಿಯೆಂದು ಹೇಳಿ ಬಡಿದು ಓಡಿಸುವ ಪಾಪ ಈ ದೇಶದಲ್ಲಿ ನಡೆದಿದೆ. ಮಾಟ, ಭಾನಾಮತಿಗಳ ಹೆಸರಿನ ಹಿಂಸೆಯನ್ನು ತಡೆಯಲು ಕರ್ನಾಟಕದ ಶಾಸನಸಭೆ 2017ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಆ ಮುದುಕಿಯನ್ನು ಕಥೆಯಲ್ಲಿ ಬಿಡುಗಡೆ ಮಾಡಿರಿ. ಬೇಡವೆಂದವರಾರು?

ಆದರೆ ಇದು ದುಷ್ಟನ ದುಷ್ಟತನವನ್ನು ಕಡಮೆ ಮಾಡಿದಂತಲ್ಲ, ದುಷ್ಟನಲ್ಲದವನನ್ನು ಆರೋಪದಿಂದ ಬಿಡಿಸಿದಂತೆ. ಎರಡಕ್ಕೂ ಅಜಗಜಾಂತರ. ಮೈಯ ಮೇಲಿನ ಗುರುತನ್ನು ಒರೆಸಿರಿ ಎನ್ನುವುದು ನ್ಯಾಯ. ಕೈಯಿಂದ ಮಾಡಿದ ಕೆಲಸವನ್ನೂ ಒರೆಸಿರಿ ಎನ್ನುವುದು ಮೋಸ. ಇವತ್ತು ಮೊದಲನೆಯದರ ಹೆಸರು ಹೇಳಿಕೊಂಡು ಎರಡನೆಯದು ಬಾಗಿಲೊಳಗೆ ನುಗ್ಗುತ್ತಿದೆ. ನಮ್ಮ ತಕರಾರು ಇರುವುದು ಇಲ್ಲಿಯೇ.

ಬಣ್ಣ ಬದಲಾಯಿತು, ಕೂಲಿ ಬದಲಾಗಲಿಲ್ಲ

ಅದೇ ರೋಲ್ಡ್ ಡಾಲ್‌ನ ಉದಾಹರಣೆಯನ್ನೇ ಮುಂದುವರಿಸೋಣ. 1990ರಲ್ಲಿ ತೀರಿಕೊಂಡ ಈ ಲೇಖಕನ ಪುಸ್ತಕಗಳಲ್ಲಿ ದುಷ್ಟರು ಬಹಳ. ಮಕ್ಕಳನ್ನು ಮೊಳೆ ಬಡಿದ ಕತ್ತಲೆ ಗೂಡಿನಲ್ಲಿ ಕೂಡಿಹಾಕುವ ಹೆಡ್‌ಮಿಸ್ಟ್ರೆಸ್, ಅನಾಥ ಹುಡುಗನನ್ನು ದುಡಿಸಿ ಹೊಡೆಯುವ ಅತ್ತೆಯರು, ಹಕ್ಕಿಗಳನ್ನು ಅಂಟಿನಿಂದ ಹಿಡಿದು ತಿನ್ನುವ ಗಂಡಹೆಂಡಿರು. 2023ರ ಫೆಬ್ರವರಿಯಲ್ಲಿ ಬಂದ ಸುದ್ದಿಯೇನೆಂದರೆ, ಪ್ರಕಾಶಕರಾದ ಪಫಿನ್‌ನವರು ಆ ಪುಸ್ತಕಗಳಲ್ಲಿ ನೂರಾರು ಕಡೆ ಮಾತು ತಿದ್ದಿದ್ದಾರೆ. ದಪ್ಪ ಹುಡುಗನನ್ನು ದಪ್ಪನೆನ್ನದೆ ಭಾರೀ ಹುಡುಗನೆಂದರು. ಕುರೂಪಿ ಹೆಂಗಸನ್ನು ಕುರೂಪಿಯೆನ್ನುವುದನ್ನು ಬಿಟ್ಟರು. ಲೋಕವೆಲ್ಲ ಗದ್ದಲವೆದ್ದಿತು. ಗದ್ದಲವೆದ್ದ ಕೆಲವೇ ದಿನಗಳಲ್ಲಿ ಪ್ರಕಾಶಕರು ಹಳೆಯ ಪಾಠವನ್ನೂ ಬೇರೆ ಮಾಲೆಯಾಗಿ ಮಾರುತ್ತೇವೆಂದರು. ಹೊಸದಕ್ಕೂ ಗಿರಾಕಿ, ಹಳೆಯದಕ್ಕೂ ಗಿರಾಕಿ! ಇದಕ್ಕೆ ಎರಡು ವರ್ಷ ಮೊದಲು, 2021ರಲ್ಲಿ, ಡಾಲ್‌ನ ಕಥೆಗಳ ಹಕ್ಕಿರುವ ಕಂಪನಿಯನ್ನೇ ಅಮೆರಿಕದ ನೆಟ್‌ಫ್ಲಿಕ್ಸ್ ಕೊಂಡಿತ್ತೆಂಬುದನ್ನೂ ಓದುಗರು ನೆನಪಿಡಬೇಕು.

ಆ ಗದ್ದಲದಲ್ಲಿ ಎರಡು ಪಕ್ಷದವರೂ ಆಡದೆ ಬಿಟ್ಟ ಒಂದು ಮಾತನ್ನು ನಾವು ಆಡುತ್ತೇವೆ. ಡಾಲ್‌ನ ಅತ್ಯಂತ ಪ್ರಸಿದ್ಧ ಪುಸ್ತಕ, ಚಾಕೊಲೇಟ್ ಕಾರ್ಖಾನೆಯ ಕಥೆ, 1964ರದು. ಅದರ ಕಾರ್ಖಾನೆಯ ಮಾಲೀಕ ವಾಂಕಾ, ಗುಟ್ಟು ಹೊರಗೆ ಹೋಗುತ್ತದೆಂದು ತನ್ನ ಎಲ್ಲ ಕಾರ್ಮಿಕರನ್ನೂ ಒಮ್ಮೆಗೇ ಮನೆಗೆ ಕಳಿಸುತ್ತಾನೆ. ಅನಂತರ ದೂರದ ಕಾಡಿನಿಂದ ಊಂಪಾ ಲೂಂಪಾ ಎಂಬ ಕುಳ್ಳ ಜನರನ್ನು ಪೆಟ್ಟಿಗೆಗಳಲ್ಲಿ ತುಂಬಿ ಗುಟ್ಟಾಗಿ ತರಿಸುತ್ತಾನೆ. ಅವರು ಕಾರ್ಖಾನೆಯೊಳಗೇ ಇರಬೇಕು. ಕೂಲಿಯೆಂದರೆ ಕೋಕೋ ಬೀಜ. ಹೊಸ ಮಿಠಾಯಿಗಳ ಪರೀಕ್ಷೆ ಅವರ ಮೈಮೇಲೆಯೇ. ಅವರಲ್ಲೊಬ್ಬ ಮಾಲೀಕನ ಹೊಸ ಪಾನಕ ಕುಡಿದು ಆಕಾಶಕ್ಕೆ ಹಾರಿಹೋಗಿ ಮತ್ತೆ ಬರಲೇ ಇಲ್ಲ. ಮಾಲೀಕ ಇದನ್ನು ನಗೆಯ ಸಂಗತಿಯಂತೆ ಹೇಳುತ್ತಾನೆ.

ಮೊದಲ ಆವೃತ್ತಿಯಲ್ಲಿ ಈ ಜನ ಆಫ್ರಿಕದ ಕಪ್ಪು ಜನ. ಕಪ್ಪು ಜನರ ಸಂಘಟನೆಗಳು ಟೀಕಿಸಿದ ಮೇಲೆ 1973ರ ಆವೃತ್ತಿಯಲ್ಲಿ ಲೇಖಕನೇ ತಿದ್ದಿ ಅವರನ್ನು ಬಿಳಿಯರನ್ನಾಗಿ ಮಾಡಿದ. ಬಣ್ಣ ಬದಲಾಯಿತು, ಕೂಲಿ ಬದಲಾಗಲಿಲ್ಲ! ದುಡಿಯುವವನ ಚರ್ಮ ಯಾವ ಬಣ್ಣದ್ದಿರಬೇಕೆಂದು ವಾದಿಸಿದರು. ಅವನಿಗೆ ಹಣದ ಕೂಲಿ ಯಾಕಿಲ್ಲವೆಂಬ ಮಾತು 2023ರ ಗದ್ದಲದಲ್ಲಿಯೂ ಎದ್ದದ್ದನ್ನು ನಾವು ಕಾಣಲಿಲ್ಲ. ಆ ಕಥೆಯಲ್ಲಿ ದುಷ್ಟನೇ ಇಲ್ಲವೆಂದು ಎಲ್ಲರ ಎಣಿಕೆ. ಹೊಟ್ಟೆಬಾಕ ಹುಡುಗ, ಹಟಮಾರಿ ಹುಡುಗಿ ಇವರೇ ತಪ್ಪಿತಸ್ಥರು. ಮಾಲೀಕನೋ, ಮಕ್ಕಳ ಕಣ್ಮಣಿ! ದುಷ್ಟನನ್ನು ಮೆತ್ತಗೆ ಮಾಡುವ ಕಲೆ ಅದರ ತುದಿ ಮುಟ್ಟಿದಾಗ ಹೀಗಾಗುತ್ತದೆ. ದುಷ್ಟ ಕಾಣಿಸುವುದೇ ಇಲ್ಲ.

ಯಾರ ಮಾನಕ್ಕೆ ಕಾವಲು?

ಮಕ್ಕಳ ಮನಸ್ಸಿನ ಹೆಸರಿನಲ್ಲಿ ಕಾನೂನು ಬರೆದಾಗ ಅದು ಯಾರನ್ನು ಕಾಯುತ್ತದೆಂಬುದಕ್ಕೆ ಅಮೆರಿಕದ ಇನ್ನೊಂದು ದಾಖಲೆಯಿದೆ. 1954ರಲ್ಲಿ ಅಲ್ಲಿಯ ಚಿತ್ರಕಥಾ ಪುಸ್ತಕಗಳ ಪ್ರಕಾಶಕರು ಮಕ್ಕಳು ಕೆಡುತ್ತಾರೆಂಬ ಕೂಗಿಗೆ ಹೆದರಿ ತಮಗೆ ತಾವೇ ಒಂದು ನಿಯಮಾವಳಿ ಹಾಕಿಕೊಂಡರು. ಅದರಲ್ಲಿ ರಕ್ತ, ಪ್ರೇತ, ಹಿಂಸೆ ಇವುಗಳ ಮೇಲೆ ಕಟ್ಟುಪಾಡಿತ್ತು, ಇರಲಿ. ಜೊತೆಗೆ ಇನ್ನೊಂದು ನಿಯಮವಿತ್ತು. ಪೊಲೀಸರನ್ನು, ನ್ಯಾಯಾಧೀಶರನ್ನು, ಸರ್ಕಾರಿ ಅಧಿಕಾರಿಗಳನ್ನು, ಪ್ರತಿಷ್ಠಿತ ಸಂಸ್ಥೆಗಳನ್ನು ಅಧಿಕಾರದ ಮೇಲೆ ಅಗೌರವ ಹುಟ್ಟುವಂತೆ ಚಿತ್ರಿಸಕೂಡದು!

ಮರುವರ್ಷ, 1955ರಲ್ಲಿ, ಮಿಸಿಸಿಪಿ ರಾಜ್ಯದಲ್ಲಿ ಎಮ್ಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಬಾಲಕನನ್ನು ಬಿಳಿಯರು ಎತ್ತಿಕೊಂಡು ಹೋಗಿ ಕೊಂದು ನದಿಗೆ ಎಸೆದರು. ಬರಿಯ ಬಿಳಿಯರೇ ಇದ್ದ ಪಂಚಾಯ್ತರ ಮಂಡಲಿ ಇಬ್ಬರು ಆರೋಪಿಗಳನ್ನೂ ಬಿಟ್ಟಿತು. ಬಿಡುಗಡೆಯಾದ ಮೇಲೆ ಅವರಿಬ್ಬರೂ ಪತ್ರಿಕೆಯೊಂದರಿಂದ ಹಣ ಪಡೆದು ತಾವೇ ಕೊಂದದ್ದೆಂದು ಹೇಳಿಕೊಂಡರು. ಆ ವರ್ಷ ಅಮೆರಿಕದ ಮಗುವೊಂದು ಹತ್ತು ಸೆಂಟು ಕೊಟ್ಟು ಕೊಂಡ ಚಿತ್ರಕಥೆಯಲ್ಲಿ ಅನ್ಯಾಯದ ನ್ಯಾಯಾಲಯ ಇರಕೂಡದಾಗಿತ್ತು. ಊರಿನಲ್ಲಿ ಇತ್ತು. ಎಮ್ಮೆಟ್ ಟಿಲ್‌ನ ವಯಸ್ಸಿನ ಕಪ್ಪು ಮಕ್ಕಳಿಗೆ ಆ ಮೃದುವಾದ ಪುಸ್ತಕಗಳು ಯಾವ ಸತ್ಯ ಹೇಳಿದವು? ನಿನಗೆ ಕಂಡದ್ದು ಸುಳ್ಳು, ಪುಸ್ತಕದಲ್ಲಿರುವುದು ನಿಜ ಎಂದು.

ಇನ್ನು ನಮ್ಮ ಕಡೆಯ ತಪ್ಪನ್ನೂ ಮುಚ್ಚಿಡುವುದಿಲ್ಲ. ಸಮಾಜವಾದದ ಹೆಸರು ಹೇಳಿದ ರಷ್ಯದಲ್ಲಿಯೂ ಇದೇ ನಡೆಯಿತು. ಕೊರ್ನೇಯ್ ಚುಕೋವ್ಸ್ಕಿ ಎಂಬ ಕವಿ ಮಕ್ಕಳಿಗಾಗಿ ಮೊಸಳೆಯ, ಜಿರಲೆಯ, ಮಕ್ಕಳನ್ನು ತಿನ್ನುವ ದರೋಡೆಗಾರನ ಕಥೆಗಳನ್ನು ಬರೆದ. 1928ರಲ್ಲಿ ಲೆನಿನ್ನರ ಪತ್ನಿ ಕ್ರುಪ್ಸ್ಕಾಯಾ ಅವರೇ ಪ್ರಾವ್ದಾ ಪತ್ರಿಕೆಯಲ್ಲಿ ಮೊಸಳೆಯ ಕಥೆಯನ್ನು ಖಂಡಿಸಿ ಬರೆದರು. ಆತನ ಕಥೆಗಳಿಗೆ ಅಡ್ಡಿಗಳು ಬಂದವು. ಗೋರ್ಕಿಯಂಥವರು ಪರವಾಗಿ ನಿಲ್ಲಬೇಕಾಯಿತು. ಅವನ ಜಿರಲೆಯ ಕಥೆಯಲ್ಲಿ ಮೀಸೆ ಹೊತ್ತ ಒಂದು ಜಿರಲೆ ಕಾಡಿಗೆ ಬಂದು ಮೀಸೆ ಅಲ್ಲಾಡಿಸುತ್ತದೆ. ಆನೆ, ಕರಡಿ, ತೋಳಗಳೆಲ್ಲ ನಡುಗಿ ಅಡ್ಡಬೀಳುತ್ತವೆ. ನಿಮ್ಮ ಮಕ್ಕಳನ್ನು ತಂದುಕೊಡಿ, ರಾತ್ರಿ ಊಟಕ್ಕೆ ಬೇಕು ಎಂದು ಅದು ಆಜ್ಞೆ ಮಾಡುತ್ತದೆ. ಕೊನೆಗೆ ಒಂದು ಗುಬ್ಬಚ್ಚಿ ಹಾರಿಬಂದು ಅದನ್ನು ಕುಕ್ಕಿ ನುಂಗಿಬಿಡುತ್ತದೆ. ಸ್ಟಾಲಿನ್ನನ ಅಧಿಕಾರ ಬೇರುಬಿಡುವ ಮೊದಲೇ ಬರೆದ ಕಥೆ ಅದು. ಮುಂದೆ ರಷ್ಯದ ಓದುಗರು ಆ ಮೀಸೆಯಲ್ಲಿ ಯಾರ ಮೀಸೆಯನ್ನು ಕಂಡರೆಂದು ಹೇಳಬೇಕಾಗಿಲ್ಲ. ಮಕ್ಕಳ ಕಥೆಯ ದುಷ್ಟನನ್ನು ಕಂಡು ಬಂಡವಾಳಗಾರ ಹೆದರುತ್ತಾನೆ, ಸರ್ವಾಧಿಕಾರಿಯೂ ಹೆದರುತ್ತಾನೆ. ಇಬ್ಬರ ಹೆದರಿಕೆಗೂ ಕಾರಣ ಒಂದೇ, ಗುರುತು ಸಿಕ್ಕೀತೆಂಬ ಭಯ.

ಮೂರು ಆಕ್ಷೇಪಣೆಗಳು

ಮಕ್ಕಳು ಹೆದರುತ್ತಾರೆ ಎನ್ನುತ್ತಾರೆ. ಹೌದು, ಹೆದರುತ್ತಾರೆ. ನಮ್ಮ ಕಡೆಯ ಮಕ್ಕಳನ್ನು ಬಯಲಾಟಕ್ಕೆ ಕರೆದುಕೊಂಡು ಹೋಗಿ ನೋಡಿರಿ. ತೆರೆಯ ಹಿಂದಿನಿಂದ ಬಣ್ಣದ ವೇಷ ಆರ್ಭಟಿಸಿದೊಡನೆ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಒಂದು ಕಣ್ಣು ಮಾತ್ರ ಹೊರಗಿರುತ್ತದೆ! ಬೆಳಗಾಗುವುದರೊಳಗೆ ರಕ್ಕಸ ಬೀಳುವುದನ್ನು ನೋಡಿಯೇ ಮನೆಗೆ ಬರುತ್ತಾರೆ. ಮರುದಿನ ಕೊಟ್ಟಿಗೆಯ ಹಿಂದೆ ತಾವೇ ರಕ್ಕಸರಾಗಿ ಕುಣಿಯುತ್ತಾರೆ. ಭಯವೆಂಬುದು ಮಗುವಿಗೆ ಕಥೆಯಿಂದ ಬರುವುದಲ್ಲ. ಕುಡಿದು ಬರುವ ತಂದೆ, ಬಾಗಿಲು ತಟ್ಟುವ ಸಾಲದವನು, ತಲೆ ತಗ್ಗಿಸಿ ನಿಂತ ತಾಯಿ, ಇವರಿಂದ ಅದು ಆಗಲೇ ಬಂದಿರುತ್ತದೆ. ಕಥೆ ಆ ಭಯಕ್ಕೊಂದು ಮುಖ ಕೊಡುತ್ತದೆ, ಕೊನೆಯನ್ನೂ ಕೊಡುತ್ತದೆ. ಮುಖವಿಲ್ಲದ, ಕೊನೆಯಿಲ್ಲದ ಭಯವೇ ಮಗುವನ್ನು ಕೊಲ್ಲುವ ಭಯ.

ದ್ವೇಷ ಬೆಳೆಯುತ್ತದೆ, ಮನಃಪರಿವರ್ತನೆಯನ್ನು ಕಲಿಸಬೇಕು ಎನ್ನುತ್ತಾರೆ. ಈ ಮಾತನ್ನು ನಾವು ಗೌರವದಿಂದ ಕೇಳುತ್ತೇವೆ. ಸತ್ಯಾಗ್ರಹಿಗಳಾದ ನಮಗೆ ಮನಃಪರಿವರ್ತನೆ ಹಾಸ್ಯದ ಮಾತಲ್ಲ. ಕನ್ನಡದ ಮಕ್ಕಳಿಗೆ ಅದರ ದೊಡ್ಡ ಕಥೆ ಗೋವಿನ ಹಾಡೇ. ಅರ್ಬುತನೆಂಬ ಹುಲಿ ಹಸಿದ ಹುಲಿ, ಕೊಲ್ಲುವ ಹುಲಿ. ಪುಣ್ಯಕೋಟಿ ಕರುವಿಗೆ ಹಾಲು ಕೊಟ್ಟು, ಅದನ್ನು ಬಳಗದವರಿಗೆ ಒಪ್ಪಿಸಿ, ಆಡಿದ ಮಾತಿಗೆ ತಪ್ಪದೆ ಅದರ ಬಾಯಿಗೆ ನಡೆದು ಬಂದಾಗ ಹುಲಿಯ ಎದೆ ಒಡೆಯುತ್ತದೆ. ಅದು ಪ್ರಾಣವನ್ನೇ ಬಿಡುತ್ತದೆ. ಈಗ ನಮ್ಮ ಸಜ್ಜನರ ಸಲಹೆಯಂತೆ ಆ ಹುಲಿಯನ್ನು ಮೊದಲಿನಿಂದಲೇ ಸಾಧುವನ್ನಾಗಿ ಮಾಡಿರಿ, ಹುಲ್ಲು ತಿನ್ನುವ ಹುಲಿಯನ್ನಾಗಿ ಮಾಡಿರಿ. ಪುಣ್ಯಕೋಟಿ ಹಿಂದಿರುಗಿ ಬಂದದ್ದಕ್ಕೆ ಏನು ಅರ್ಥ ಉಳಿಯಿತು? ಸಾಯಂಕಾಲ ನೆರೆಮನೆಗೆ ಹೋಗಿಬಂದಂತಾಯಿತು! ದುಷ್ಟನಲ್ಲದವನಿಗೆ ಪರಿವರ್ತನೆಯೆಲ್ಲಿಯದು? ನಮ್ಮ ಶಾಲೆಯ ಗೌಡ ಅತ್ತದ್ದೂ ಹಾಗೆಯೇ. ಅವನೆದುರು ಯಾರೂ ಪ್ರಾಣ ಒತ್ತೆಯಿಟ್ಟು ನಿಂತಿರಲಿಲ್ಲ. ಸಮಿತಿಯ ಹಿರಿಯರು ಹೇಳಿದ್ದಕ್ಕೆ ಅತ್ತ, ಅಷ್ಟೆ.

ಲೋಕವೆಲ್ಲ ಕಪ್ಪು ಬಿಳುಪಲ್ಲ, ದುಷ್ಟನಿಗೂ ಅವನದೇ ನೋವು ಇರುತ್ತದೆ ಎನ್ನುವುದು ಮೂರನೆಯ ಮಾತು. ಇದು ಓದಿದವರ ಮಾತು, ಆದ್ದರಿಂದ ಅಪಾಯದ ಮಾತು. ನಮ್ಮ ಜಿಲ್ಲೆಗಳ ಚರಿತ್ರೆಯಿಂದಲೇ ಉತ್ತರ ಕೊಡುತ್ತೇವೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದುನಿಂತರು. ಡಾ. ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಮೂಲದಲ್ಲಿದ್ದದ್ದು ಒಂದು ಕೊಳಗ, ಗೇಣಿಯ ಭತ್ತ ಅಳೆಯುವ ಅಳತೆ. ಒಡೆಯರು ದೊಡ್ಡ ಕೊಳಗದಿಂದ ಅಳೆದುಕೊಳ್ಳುತ್ತಾರೆಂಬುದೇ ಗೇಣಿದಾರರ ಕೂಗು. ಒಡೆಯರ ಎದೆಯಲ್ಲಿ ಏನಿತ್ತು? ಅವರಲ್ಲಿ ಕೆಲವರು ದೈವಭಕ್ತರಿದ್ದಿರಬಹುದು, ಮಕ್ಕಳನ್ನು ಮುದ್ದಿಸುವವರಿದ್ದಿರಬಹುದು, ಎಳೆತನದಲ್ಲಿ ತಾಯಿಯನ್ನು ಕಳೆದುಕೊಂಡವರೂ ಇದ್ದಿರಬಹುದು. ಇದರಿಂದ ಕೊಳಗ ಒಂದು ಹಿಡಿಯಷ್ಟಾದರೂ ಚಿಕ್ಕದಾಗುತ್ತದೆಯೇ? ಕೊಳಗಕ್ಕೆ ಮನಸ್ಸಿಲ್ಲ, ಅಳತೆಯಿದೆ. ಕಥೆಯ ದುಷ್ಟನ ಎದೆಯೊಳಗೆ ಎಷ್ಟು ಬೇಕಾದರೂ ಇಳಿಯಿರಿ, ನಮ್ಮ ಅಡ್ಡಿಯಿಲ್ಲ. ಅಳತೆಯನ್ನು ಮಾತ್ರ ಮುಚ್ಚಿಡಬೇಡಿ.

ದುಷ್ಟನ ನೋವನ್ನು ಹೇಳಲು ಹೊರಟವರು ಅವನು ಸುಲಿದವರ ನೋವಿಗೂ ಅಷ್ಟೇ ಪುಟಗಳನ್ನು ಕೊಡುತ್ತಾರೆಯೇ? ಚರ್ಮ ಸುಲಿಸಲು ಹೊರಟವಳ ಬಾಲ್ಯಕ್ಕೆ ಎರಡು ಗಂಟೆಗೂ ಮಿಕ್ಕ ಚಿತ್ರ ಬಂತು. ಪೆಟ್ಟಿಗೆಯಲ್ಲಿ ಬಂದು ಆಕಾಶಕ್ಕೆ ಹಾರಿಹೋದ ಆ ಊಂಪಾ ಲೂಂಪಾನಿಗೆ ಹೆಂಡತಿ ಮಕ್ಕಳಿದ್ದರೋ ಇಲ್ಲವೋ ಮೂಲ ಪುಸ್ತಕ ಒಂದು ಸಾಲಿನಲ್ಲಿಯೂ ಹೇಳಲಿಲ್ಲ. ಸಹಾನುಭೂತಿಗೂ ಗೇಣಿಯುಂಟು. ಅದೂ ದೊಡ್ಡ ಕೊಳಗದಲ್ಲಿಯೇ ಒಡೆಯನ ಮನೆಗೆ ಹೋಗುತ್ತದೆ.

ನಾವು ಕೇಳುವುದೇನು?

ಮೇಷ್ಟರುಗಳನ್ನು, ತಾಯ್ತಂದೆಯರನ್ನು, ಮಕ್ಕಳಿಗಾಗಿ ಬರೆಯುವವರನ್ನು ನಾವು ಕೇಳಿಕೊಳ್ಳುವುದು ಇಷ್ಟು. ಯಾರಾದರೂ ಬಂದು ಈ ದುಷ್ಟನನ್ನು ಕೊಂಚ ಮೆತ್ತಗೆ ಮಾಡಿ ಎಂದರೆ ಮೂರು ಪ್ರಶ್ನೆ ಕೇಳಿರಿ. ಒಂದು: ನಿಮ್ಮ ತಕರಾರು ಅವನ ಮೈಯ ಮೇಲೋ, ಅವನ ಕೆಲಸದ ಮೇಲೋ? ಮೈಯ ಮೇಲಾದರೆ ಒಡನೆ ತಿದ್ದಿರಿ, ತಡ ಮಾಡಬೇಡಿ. ಎರಡು: ಅವನ ಹೆಗಲಿನಿಂದ ಇಳಿಸಿದ ತಪ್ಪು ಈಗ ಯಾರ ಹೆಗಲಿಗೆ ಹೋಗುತ್ತದೆ? ಕಥೆಯನ್ನು ಕೊನೆಯವರೆಗೆ ಓದಿ ನೋಡಿರಿ, ಅದು ಎಲ್ಲೋ ಒಂದು ಕಡೆ ಕುಳಿತೇ ಇರುತ್ತದೆ. ಮೂರು: ಕೇಳಲು ಬಂದವರು ಯಾರು? ಕಥೆ ಕೇಳಿ ನೊಂದ ಮಗುವೋ, ಕಥೆಯಲ್ಲಿ ತನ್ನ ಮುಖ ಕಂಡ ದೊಡ್ಡ ಮನುಷ್ಯನೋ?

ಈ ಮೂರನೆಯ ಪ್ರಶ್ನೆಯನ್ನು ನಾವು ಅಂದು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಚಪ್ಪರದ ಋಣ ನಾಲಿಗೆಯನ್ನು ಕಟ್ಟಿತ್ತು. ಆಮೇಲೆ ಶಾಲೆಯನ್ನು ಬಿಟ್ಟು ಪಕ್ಷದ ಕೆಲಸಕ್ಕೆ ಬಂದೆವು. ಹಳ್ಳಿಹಳ್ಳಿಯ ಕೂಲಿಯ ಲೆಕ್ಕ ಬರೆದುಕೊಳ್ಳುವಾಗ ಆ ಹುಡುಗಿಯ ಪ್ರಶ್ನೆ ಎಷ್ಟೋ ಸಲ ಎದುರಿಗೆ ಬಂದು ನಿಂತಿದೆ. ಅವಳಿಗೆ ಕೊಡಬೇಕಾಗಿದ್ದ ಉತ್ತರ ಬಹಳ ಸುಲಭದ್ದು: "ಗೌಡ ದುಡ್ಡು ಕೊಡಲಿಲ್ಲ ಮಗಳೇ. ಕೊಟ್ಟನೆಂದು ನಾವು ಸುಳ್ಳು ಆಡಿಸಿದೆವು."

ಈ ವರ್ಷವೂ ವಾರ್ಷಿಕೋತ್ಸವಗಳು ಬರುತ್ತವೆ. ಯಾವುದಾದರೊಂದು ಶಾಲೆಯಲ್ಲಿ ಮಕ್ಕಳು ಕಿಂದರಿಜೋಗಿಯನ್ನು ಆಡಿಯೇ ಆಡುತ್ತಾರೆ. ಅಲ್ಲಿಯ ಮೇಷ್ಟರಿಗೆ ನಮ್ಮದೊಂದು ವಿನಂತಿ. ಗೌಡನ ಮುಖಕ್ಕೆ ಮಸಿ ಬಳಿಯಬೇಡಿ, ಬೆನ್ನಿಗೆ ಗೂನು ಕಟ್ಟಬೇಡಿ. ಊರಿನ ಯಾವ ಗೌರವಸ್ಥನಂತೆಯೂ ಇರಲಿ, ಬಿಳಿಯ ಪಂಚೆ ಉಟ್ಟುಕೊಂಡೇ ಬರಲಿ, ನಗುನಗುತ್ತಲೇ ಮಾತಾಡಲಿ. ಆದರೆ ಆಡಿದ ಹಣವನ್ನು ಕೊಡದಿರಲಿ.

ಆಟದಲ್ಲಿ ಅವನು ಕೊಡದಿರಲಿ. ಊರಿನಲ್ಲಿ ಕೊಡಲಿ.